ಏಕಾಂತಕ್ಕೂ ಅಡುಗೆಮನೆ ಬೇಕು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆಮ್‌ಹರ್ಸ್ಟ್ ಊರಿನಲ್ಲಿ ಎಮಿಲಿ ಡಿಕಿನ್‌ಸನ್ ಹುಟ್ಟಿದ, 1886ರಲ್ಲಿ ಕೊನೆಯುಸಿರೆಳೆದ ಇಟ್ಟಿಗೆ ಮನೆ ಈಗ ಮ್ಯೂಸಿಯಂ. ಹೊರಗೆ ಬರಲೊಲ್ಲದ ಕವಿಯ ಮನೆಯೆಂದರೆ ಎಲ್ಲರೂ ಹುಡುಕುವುದು ಮಹಡಿಯ ಮೂಲೆಕೋಣೆಯನ್ನೇ. ಅಲ್ಲಿ ಒಂದೂವರೆ ಅಡಿ ಚದರದ ಪುಟ್ಟ ಮೇಜು. ಇದು ನಕಲು, ಅಸಲಿ ಹಾರ್ವರ್ಡ್‌ನಲ್ಲಿದೆ. ಗೋಡೆಯ ಗುಲಾಬಿ ಕಾಗದ, ದುರಸ್ತಿಯಲ್ಲಿ ಸಿಕ್ಕ ಹಳೆಯ ತುಣುಕುಗಳನ್ನು ನೋಡಿ ಹೊಸದಾಗಿ ಮುದ್ರಿಸಿದ್ದು. ಇದರಲ್ಲಿ ಮೋಸವೇನಿಲ್ಲ. ತಂಗಿ ಲವೀನಿಯಾ 1899ರಲ್ಲಿ ತೀರಿಕೊಂಡ ಮೇಲೆ ಬಾಡಿಗೆಗೆ ಹೋಗಿ, 1916ರಲ್ಲಿ ಪರರ ಪಾಲಾಗಿ, 1965ರಲ್ಲಿ ಆಮ್‌ಹರ್ಸ್ಟ್ ಕಾಲೇಜಿನ ಕೈಸೇರಿದ ಮನೆಯಲ್ಲಿ ಇಷ್ಟು ಉಳಿದದ್ದೇ ಹೆಚ್ಚು.

ನನ್ನ ತಕರಾರು ಬೇರೆ. ಆ ಕೋಣೆಯೊಂದನ್ನೇ ನೋಡಿ ಬಂದವರಿಗೆ ಏಕಾಂತವೆನ್ನುವುದು ಬರೀ ಮನಸ್ಸಿನ ವಿಷಯ ಅನ್ನಿಸಿಬಿಡುತ್ತದೆ. ಅದಕ್ಕೆ ಹಣ ಬೇಕು, ಆಳುಕಾಳು ಬೇಕು. 1813ರ ಸುಮಾರಿಗೆ ಮನೆ ಕಟ್ಟಿಸಿದ ತಾತ, ಆಮ್‌ಹರ್ಸ್ಟ್ ಕಾಲೇಜು ಕಟ್ಟುವ ಹುಮ್ಮಸ್ಸಿನಲ್ಲಿ ಸಾಲ ಮಾಡಿ ಮನೆಯನ್ನೇ ಕಳೆದುಕೊಂಡ. 1855ರಲ್ಲಿ ಅದನ್ನು ಮರಳಿ ಕೊಂಡವನು ವಕೀಲನಾಗಿದ್ದ ತಂದೆ ಎಡ್ವರ್ಡ್. ಮಗಳ ಹೂಗಿಡಗಳಿಗೆಂದು ಗಾಜಿನ ಮನೆಯನ್ನೂ ಸೇರಿಸಿದ. ಮದುವೆಯಾಗದ ಹೆಣ್ಣುಮಗಳು ಬಾಗಿಲು ಹಾಕಿಕೊಂಡು ಕೂರುವ ಸ್ವಾತಂತ್ರ್ಯ ಆ ಗಳಿಕೆಯ ಮೇಲೆ ನಿಂತಿತ್ತು.

ಆಕೆ ಕೋಣೆಗಷ್ಟೇ ಅಂಟಿಕೊಂಡಿರಲಿಲ್ಲ ಅನ್ನಿ. ಮನೆಯ ಬ್ರೆಡ್ಡು ಆಕೆಯ ಕೈಯದೇ. 1856ರಲ್ಲಿ ಊರಿನ ಜಾನುವಾರು ಜಾತ್ರೆಯಲ್ಲಿ ರೈ ಮತ್ತು ಮೆಕ್ಕೆಜೋಳದ ಹಿಟ್ಟಿನ ಬ್ರೆಡ್ಡಿಗೆ ಎರಡನೇ ಬಹುಮಾನವನ್ನೂ ಪಡೆದಳು. ಆದರೆ ಒಗೆತ, ಒಲೆ, ನೀರು, ದಿನವಿಡೀ ಮುಗಿಯದ ದುಡಿಮೆಯ ದೊಡ್ಡ ಪಾಲು ಹೊತ್ತದ್ದು 1869ರಲ್ಲಿ ಬಂದ ಐರಿಷ್ ಕೆಲಸದಾಕೆ ಮಾರ್ಗರೆಟ್ ಮಾಹರ್. ಬರೆದ ಹಾಳೆಗಳಲ್ಲಿ ಕೆಲವನ್ನು ಕವಿ ಇಟ್ಟದ್ದು ಇವಳ ಟ್ರಂಕಿನಲ್ಲಿ. ತಾನು ಸತ್ತ ಮೇಲೆ ಸುಟ್ಟುಬಿಡು ಎಂದಿದ್ದಳಂತೆ, ಮಾರ್ಗರೆಟ್ ಸುಡಲಿಲ್ಲ. ಶವಪೆಟ್ಟಿಗೆಯನ್ನು ಹಿತ್ತಿಲ ಬಾಗಿಲಿನಿಂದ ಹೊತ್ತೊಯ್ದವರೂ ಮನೆಗೆ ದುಡಿದ ಆರು ಮಂದಿ ಐರಿಷ್ ಆಳುಗಳು.

ಬದುಕಿದ್ದಾಗ ಅಚ್ಚಾದ ಕವಿತೆಗಳು ಹತ್ತರ ಆಸುಪಾಸು, ಬರೆದದ್ದು ಸುಮಾರು 1,800. 1890ರ ಮೊದಲ ಸಂಕಲನದ ಮೇಲೆ ಸಂಪಾದಕರ ಹೆಸರಿದೆ, ಹಾಳೆಗಳನ್ನು ಸುಡದೆ ಉಳಿಸಿದ ಮಾರ್ಗರೆಟ್‌ಳ ಹೆಸರಿಲ್ಲ. ಮೂಲೆಕೋಣೆಗೆ ಕೊಡುವಷ್ಟೇ ಹೊತ್ತನ್ನು ಆ ಟ್ರಂಕಿನ ಕಥೆಗೂ ಕೊಟ್ಟರೆ ಮ್ಯೂಸಿಯಂ ಕವಿಯನ್ನು ಸಣ್ಣವಳನ್ನಾಗಿಸುವುದಿಲ್ಲ. ಆ ಹಾಳೆಗಳು ನಮ್ಮ ಕೈಗೆ ಬಂದದ್ದು ಹೇಗೆಂಬುದನ್ನು ಸರಿಯಾಗಿ ಹೇಳಿದಂತಾಗುತ್ತದೆ.