ಮಕ್ಕಳ ಸಿನಿಮಾಕ್ಕೆ ಪಾದ್ರಿಗಳ ಸರ್ಟಿಫಿಕೇಟು ಬೇಡ

ಮಕ್ಕಳು ಯಾವ ಸಿನಿಮಾ ನೋಡಬೇಕು, ಯಾವುದನ್ನು ಬಿಡಬೇಕು ಎನ್ನುವ ತೀರ್ಮಾನವನ್ನು ಕ್ರೈಸ್ತ ಅಪ್ಪ ಅಮ್ಮಂದಿರು ಚರ್ಚಿಗೂ ಒಪ್ಪಿಸಬಾರದು, ವಾಟ್ಸಾಪ್ ಗುಂಪಿಗೂ ಒಪ್ಪಿಸಬಾರದು. ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿರುವ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಹೇಳುತ್ತಿದ್ದೇನೆ. ಅವರಲ್ಲಿ ನಮ್ಮ ಮಂಗಳೂರು ಕಡೆಯವರೂ ಇದ್ದಾರೆ, ಮಲಯಾಳಿಗಳೂ ಇದ್ದಾರೆ. 2011ರ ಜನಗಣತಿಯ ಪ್ರಕಾರ ಗುಜರಾತಿನಲ್ಲಿ ಕ್ರೈಸ್ತರು ಶೇಕಡಾ ಅರ್ಧದಷ್ಟು ಮಾತ್ರ. ‘ನಮ್ಮ ಭಾವನೆಗೆ ನೋವಾಗಿದೆ, ಸಿನಿಮಾ ನಿಲ್ಲಿಸಿ’ ಎಂಬ ಮಾತು ಅಂಥ ಸಮುದಾಯಕ್ಕೆ ಎಷ್ಟು ದುಬಾರಿ ಎಂದು ತಿಳಿಯಲು ಅಲ್ಲಿನ ಥಿಯೇಟರುಗಳ ಚರಿತ್ರೆ ನೋಡಿದರೆ ಸಾಕು.

2006ರಲ್ಲಿ ನರ್ಮದಾ ಅಣೆಕಟ್ಟಿನಿಂದ ಒಕ್ಕಲೆದ್ದವರ ಪರವಾಗಿ ಆಮಿರ್ ಖಾನ್ ಮಾತಾಡಿದರು. ಅಷ್ಟಕ್ಕೇ ‘ಫನಾ’ವನ್ನು ಗುಜರಾತಿನ ಮಲ್ಟಿಪ್ಲೆಕ್ಸುಗಳು ಮುಟ್ಟಲಿಲ್ಲ. ಆ ಸಿನಿಮಾದಲ್ಲಿ ಅಣೆಕಟ್ಟಿನ ಸುದ್ದಿಯೇ ಇರಲಿಲ್ಲವೆನ್ನಿ. ಮರುವರ್ಷ ರಾಹುಲ್ ಧೋಲಕಿಯಾ ಅವರ ‘ಪರ್ಜಾನಿಯಾ’ ಬಂತು. 2002ರ ಗಲಭೆಯಲ್ಲಿ ಕಾಣೆಯಾದ ಪಾರ್ಸಿ ಹುಡುಗನೊಬ್ಬನ ಕಥೆ ಅದು. ಮಾಲೀಕರು ಹೆದರಿ ಹಿಂದೆ ಸರಿದರು. ಅಹಮದಾಬಾದಿನ ಕಥೆ ಅಹಮದಾಬಾದಿನವರಿಗೇ ಕಾಣದೆ ಹೋಯಿತು. 2018ರ ಜನವರಿಯಲ್ಲಿ ‘ಪದ್ಮಾವತ್’ ಮೇಲೆ ರಾಜ್ಯಗಳು ಹೇರಿದ್ದ ನಿಷೇಧಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತ್ತು. ಆದರೂ ಅಹಮದಾಬಾದಿನ ಮಾಲುಗಳ ಮುಂದೆ ಬೈಕುಗಳು ಉರಿದವು. ಯಾರ ನೋವಿಗೆ ಎಷ್ಟು ಬೆಲೆ ಎಂದು ಇಲ್ಲೆಲ್ಲ ಗೊತ್ತುಮಾಡಿದ್ದು ಬೀದಿಗಿಳಿದ ತಲೆಗಳ ಲೆಕ್ಕ. ಅರ್ಧ ಪರ್ಸೆಂಟ್ ಜನ ಆ ಲೆಕ್ಕದಲ್ಲಿ ಯಾವತ್ತು ಗೆದ್ದಾರು?

ಹಾಗಾದರೆ ಮಕ್ಕಳ ಕೈಗೆ ಏನು ಸಿಕ್ಕರೂ ಸುಮ್ಮನಿರಬೇಕೆ? ಖಂಡಿತ ಬೇಡ. 2007ರ ‘ದಿ ಗೋಲ್ಡನ್ ಕಂಪಾಸ್’ ವಿವಾದವನ್ನೇ ನೋಡಿ. ಅಮೆರಿಕದ ಕ್ಯಾಥೊಲಿಕ್ ಲೀಗ್ ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ಅಲ್ಲಿನ ಬಿಷಪರ ಮಂಡಳಿಯ ಚಿತ್ರವಿಮರ್ಶಾ ವಿಭಾಗವಂತೂ ಮೊದಲು ಮೆಚ್ಚಿ ಬರೆದು, ಆಮೇಲೆ ಆ ವಿಮರ್ಶೆಯನ್ನೇ ಹಿಂತೆಗೆದುಕೊಂಡಿತು. ಪ್ರಶ್ನೆ ಕೇಳುವವರನ್ನು ಹತ್ತಿಕ್ಕುವ ‘ಮ್ಯಾಜಿಸ್ಟೀರಿಯಂ’ ಎಂಬ ಅಧಿಕಾರಸ್ಥ ಕೂಟದ ವಿರುದ್ಧ ಹುಡುಗಿಯೊಬ್ಬಳು ನಿಲ್ಲುವ ಕಥೆಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಉಂಟೆ? ‘ಪಪ್ಪಾ, ನಮ್ಮ ಚರ್ಚೂ ಹಾಗೇನಾ?’ ಎಂದು ಮಗಳು ಕೇಳಿದರೆ ಉತ್ತರ ಕೊಡಬೇಕಾದವನು ಪಪ್ಪನೇ. ಬಹಿಷ್ಕಾರದ ಕರಪತ್ರ ಅವನನ್ನು ಆ ಕಷ್ಟದಿಂದ ಪಾರುಮಾಡುತ್ತದೆ, ಅಷ್ಟೇ.

ಪಾನ್ ನಳಿನ್ ಅವರ ಗುಜರಾತಿ ಚಿತ್ರ ‘ಛೆಲ್ಲೊ ಶೋ’ದಲ್ಲಿ ಒಬ್ಬ ಅಪ್ಪನಿದ್ದಾನೆ. ಸಿನಿಮಾ ನಮ್ಮಂಥವರಿಗಲ್ಲ ಎನ್ನುವ ಆಸಾಮಿ, ದೇವಿಯ ಚಿತ್ರವೆಂಬ ಕಾರಣಕ್ಕೆ ಮಾತ್ರ ಸಂಸಾರವನ್ನು ಟಾಕೀಸಿಗೆ ಕರೆದೊಯ್ಯುತ್ತಾನೆ. ಮಗ ಮರುಳಾಗುವುದು ದೇವಿಗಲ್ಲ, ಪ್ರೊಜೆಕ್ಟರಿನ ಬೆಳಕಿಗೆ. ದೊಡ್ಡವರು ಬೇಲಿ ಹಾಕಿದ ಕಡೆಯಿಂದ ಮಕ್ಕಳು ನುಗ್ಗುವುದಿಲ್ಲ.

ಬೇಡವೆನ್ನುವ ಚರ್ಚಿಗಿಂತ ಬಲವಂತವಾಗಿ ತೋರಿಸುವ ಚರ್ಚು ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. 2024ರ ಏಪ್ರಿಲ್‌ನಲ್ಲಿ ಕೇರಳದ ಇಡುಕ್ಕಿ ಧರ್ಮಪ್ರಾಂತವು 10ರಿಂದ 12ನೇ ತರಗತಿಯ ಮಕ್ಕಳಿಗೆ ರಜೆಯ ಧರ್ಮಬೋಧನೆಯ ಅಂಗವಾಗಿ ‘ದಿ ಕೇರಳ ಸ್ಟೋರಿ’ ತೋರಿಸಿತು. 2023ರಲ್ಲಿ ‘ಎ’ ಸರ್ಟಿಫಿಕೇಟಿನೊಂದಿಗೆ ತೆರೆಗೆ ಬಂದಿದ್ದ ಚಿತ್ರ ಅದು. 32,000 ಹುಡುಗಿಯರ ಮತಾಂತರ ಎಂಬ ಅದರ ಲೆಕ್ಕಕ್ಕೆ ಅಧಿಕೃತ ಆಧಾರವಿಲ್ಲವೆಂದು ತೆರೆಯ ಮೇಲೆ ಬರೆಯಲು ನಿರ್ಮಾಪಕರೇ ಸುಪ್ರೀಂ ಕೋರ್ಟಿನಲ್ಲಿ ಒಪ್ಪಿದ್ದರು. ‘ಆಮಿಷ ಒಡ್ಡಿ ಮತಾಂತರ ಮಾಡುತ್ತಾರೆ’ ಎಂಬ ಗುಮಾನಿಯ ಕಣ್ಣು ತಮ್ಮ ಮೇಲೆಯೇ ನೆಟ್ಟಿರುವ ಕ್ರೈಸ್ತರು, ಅದೇ ಗುಮಾನಿಯನ್ನು ಮುಸ್ಲಿಂ ನೆರೆಯವರ ಮೇಲೆ ಹೊರಿಸುವ ಪಾಠವನ್ನು ಮಕ್ಕಳಿಗೆ ಕಲಿಸುವುದೆಂದರೇನು? 2003ರ ಮತಾಂತರ ವಿರೋಧಿ ಕಾಯ್ದೆಯನ್ನು 2021ರಲ್ಲಿ ಇನ್ನಷ್ಟು ಬಿಗಿ ಮಾಡಿರುವ ಗುಜರಾತಿನಲ್ಲಿ ಬದುಕುವ ಕ್ರೈಸ್ತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾನೂನು ಈ ವಿಷಯದಲ್ಲಿ ಚರ್ಚಿಗಿಂತ ವಿವೇಕಿಯಾಗಿದೆ. 2023ರ ಸಿನಿಮಾ ಕಾಯ್ದೆ ತಿದ್ದುಪಡಿ ‘ಯುಎ’ ದರ್ಜೆಯನ್ನು 7, 13, 16 ವರ್ಷಗಳೆಂದು ಒಡೆಯಿತು. ಆ ವಯಸ್ಸಿನ ಗುರುತು ಹೆತ್ತವರ, ಪೋಷಕರ ತಿಳಿವಳಿಕೆಗೆ ಮಾತ್ರ. ಅದನ್ನು ಜಾರಿಮಾಡಲು ಬೇರೆ ಯಾರಿಗೂ ಅಧಿಕಾರವಿಲ್ಲ ಎಂದೂ ಹೇಳಿತು. ಇಡುಕ್ಕಿಯ ಮಾದರಿಯನ್ನು ಸೂರತ್ತಿನಲ್ಲೋ ವಡೋದರಾದಲ್ಲೋ ಯಾವುದಾದರೂ ಚರ್ಚು ನಕಲು ಮಾಡಹೊರಟರೆ, ‘ಫಾದರ್, ಮೊದಲು ನಾವು ನೋಡುತ್ತೇವೆ. ನಮ್ಮ ಮಕ್ಕಳ ಜೊತೆ ನಾವೇ ಮಾತಾಡಿಕೊಳ್ಳುತ್ತೇವೆ’ ಎಂದು ಅಪ್ಪ ಅಮ್ಮಂದಿರು ಎದ್ದುನಿಂತು ಹೇಳಲಿ.