ಬಾಲ್ಯದ ಕೊರತೆ, ಮನೆಯ ಕತ್ತಲೆ

ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನೂ ಸೇರಿತು. ಬಡವರ ಮನೆಬಾಗಿಲಿಗೆ ಅದು ಬಂದುದು ಬಹು ನಿಧಾನವಾಗಿ. ೨೦೧೬ರ ಉಜ್ವಲಾ, ೨೦೧೭ರ ಸೌಭಾಗ್ಯ, ೨೦೨೩ರ ಗೃಹಜ್ಯೋತಿ ಎಂಬ ಯೋಜನೆಗಳಿಂದ ಅನಿಲದ ಒಲೆಯೂ ವಿದ್ಯುದ್ದೀಪವೂ ಅಸಂಖ್ಯ ಮನೆಗಳನ್ನು ಹೊಕ್ಕಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಸಿಲಿಂಡರು ಮೂಲೆ ಸೇರಿ ಸೌದೆಯೊಲೆಯೇ ಹೊಗೆಯಾಡುವ ಮನೆಗಳು ನಮ್ಮ ಗ್ರಾಮಗಳಲ್ಲಿ ಇಂದಿಗೂ ಅಪೂರ್ವವಲ್ಲ. ಒಲೆಯನ್ನು ಕೊಟ್ಟ ಮೇಲೂ ಅದು ಉರಿಯದಿರಲು ಕಾರಣವೇನು?

ಬಡವರ ಅಜ್ಞಾನವೇ ಕಾರಣವೆಂದು ಹೇಳುವುದು ಸುಲಭ. ಆದರೆ ಅದು ನ್ಯಾಯವಲ್ಲ. ಈ ಕೊರತೆಯ ಬೇರು ಬಹುಮಟ್ಟಿಗೆ ಅವರ ಬಾಲ್ಯದಲ್ಲಿದೆ. ಸೌದೆ ಆಯುವುದಕ್ಕಾಗಿ ಶಾಲೆ ಬಿಟ್ಟ ಬಾಲಕಿಯು ಬೆಳೆದು ದಿನಗೂಲಿಯವಳಾಗುತ್ತಾಳೆ. ಹೊಟ್ಟೆಗಿಲ್ಲದೆ ಬೆಳೆದ ಬಾಲಕನಿಗೆ ಮೈಯಲ್ಲಿ ಕಸುವು ಕಡಿಮೆ, ಸಂಪಾದನೆಯೂ ಕಡಿಮೆ. ಅಂದಿನ ಕೂಲಿಯನ್ನು ಅಂದೇ ಉಣ್ಣುವ ಇಂಥ ಸಂಸಾರವು ಸಿಲಿಂಡರಿನ ಪೂರ್ಣ ಬೆಲೆಯನ್ನು ಒಂದೇ ಗಂಟಾಗಿ ತೆರುವುದೆಂತು? ಸಹಾಯಧನವು ಬ್ಯಾಂಕಿಗೆ ಬರುವುದು ಹಣ ತೆತ್ತ ಮೇಲೆ. ಆಯ್ದು ತರುವ ಸೌದೆಗಾದರೋ ಕಾಸು ಬೇಡ. ತಾಯಿಯ ಬೆನ್ನೂ ಮಗಳ ಹೊತ್ತೂ ಸಾಕು. ಹೀಗೆ ತಾಯಿಯ ಬಾಲ್ಯದ ಕಷ್ಟವು ಮಗಳ ಬಾಲ್ಯಕ್ಕೆ ಪಿತ್ರಾರ್ಜಿತವಾಗಿ ಇಳಿಯುತ್ತದೆ.

ಸರ್ಕಾರದ ನಿಯಮವೂ ಈ ಹಳೆಯ ಕೊರತೆಯನ್ನು ತನಗರಿವಿಲ್ಲದೆಯೇ ಪೋಷಿಸುತ್ತಿದೆ. ಗೃಹಜ್ಯೋತಿಯ ಉಚಿತ ವಿದ್ಯುತ್ತನ್ನು ೨೦೦ ಯೂನಿಟ್ಟುಗಳ ಮಿತಿಯೊಳಗೆ, ಆಯಾ ಮನೆಯ ಹಿಂದಿನ ವರ್ಷದ ಸರಾಸರಿ ಬಳಕೆಗೆ ನೂರಕ್ಕೆ ಹತ್ತನ್ನು ಕೂಡಿಸಿ ಗೊತ್ತುಮಾಡಲಾಯಿತು. ೪೮ ಯೂನಿಟ್ಟಿನೊಳಗೆ ಬಳಸುವವರಿಗೆ ಹತ್ತು ಯೂನಿಟ್ಟುಗಳನ್ನೇ ಹೆಚ್ಚಾಗಿ ಕೊಡುವಂತೆ ೨೦೨೪ರ ಜನವರಿಯಲ್ಲಿ ತಿದ್ದಿದುದು ಸ್ತುತ್ಯವೇ. ಆದರೂ ೩೦ ಬಳಸಿದವನಿಗೆ ೪೦, ೧೫೦ ಬಳಸಿದವನಿಗೆ ೧೬೫ ಎಂಬ ಲೆಕ್ಕ ಉಳಿಯಿತು. ಕೊರತೆಯಲ್ಲಿ ಬಾಳಿದವನ ಮಿತವ್ಯಯವೇ ಅವನ ಹಕ್ಕಿಗೆ ಮೇರೆಯಾಗುವುದು ಯಾವ ನ್ಯಾಯ?

ಅಧಿಕಾರಿವರ್ಗದವರು ಬಳಕೆಯ ದಾಖಲೆಯನ್ನಲ್ಲ, ಮನೆಯ ತಲೆಗಳನ್ನೂ ಅವಶ್ಯಕತೆಯನ್ನೂ ಲೆಕ್ಕ ಹಿಡಿಯತಕ್ಕದ್ದು. ಐದು ಕಿಲೋಗ್ರಾಮಿನ ಸಣ್ಣ ಸಿಲಿಂಡರುಗಳು ಹಳ್ಳಿಹಳ್ಳಿಯಲ್ಲಿಯೂ ಸುಲಭವಾಗಿ ದೊರೆಯಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಅಂಗನವಾಡಿ, ಶಾಲೆಯ ಬಿಸಿಯೂಟ, ವಿದ್ಯಾರ್ಥಿನಿಲಯಗಳ ವೆಚ್ಚವನ್ನು ದಾನಧರ್ಮದ ಬಾಬಿನಲ್ಲಿ ಬರೆಯುವ ಮನೋಭಾವ ತೊಲಗಬೇಕು. ಇಂದು ಒಂದು ಮಗುವಿನ ತಲೆಯಿಂದ ಸೌದೆಯ ಹೊರೆಯನ್ನಿಳಿಸಿ ಕೈಗೆ ಪುಸ್ತಕ ಕೊಟ್ಟರೆ, ನಾಳೆ ಅದರ ಮನೆಯ ದೀಪಕ್ಕೆ ಸರ್ಕಾರದ ಊರುಗೋಲು ಬೇಕಾಗದು. ಆ ಕೆಲಸವನ್ನು ಮಾಡದೆ ಕಂಬಗಳನ್ನಷ್ಟೇ ಎಣಿಸುತ್ತ ಕುಳಿತರೆ, ತಂತಿಯು ಮನೆ ತಲಪಿದರೂ ಬೆಳಕು ಹೊಸ್ತಿಲಾಚೆಯೇ ನಿಂತೀತು.