ಕಾಲೇಜು ಪಂದ್ಯಗಳ ತಕ್ಕಡಿ ಯಾರ ಕೈಯಲ್ಲಿ?

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಕಾಲೇಜುಗಳಲ್ಲಿ ಓಟ, ಕುಸ್ತಿ, ಕಬಡ್ಡಿಗಳನ್ನು ಬಲ್ಲ ತರುಣರಿಗೆ ಕೊರತೆಯಿಲ್ಲ. ಕೊರತೆಯಿರುವದು ಅವರ ಪಂದ್ಯಗಳನ್ನು ನಿಷ್ಪಕ್ಷಪಾತದಿಂದ ನಡೆಯಿಸುವ ಅಧಿಕಾರಿಯದು. ಪಂದ್ಯವನ್ನು ಏರ್ಪಡಿಸುವವರೇ ತಮ್ಮ ತಂಡವನ್ನೂ ಇಳಿಸಿ, ತಕರಾರು ಬಂದಾಗ ತೀರ್ಪನ್ನೂ ಹೇಳಬೇಕಾದಲ್ಲಿ, ಅವರು ಎಷ್ಟೇ ಸಾಧುಗಳಾಗಿರಲಿ, ಸೋತವರ ಮನಸ್ಸಿಗೆ ಸಮಾಧಾನವಾಗಲಾರದು. ಇಂಥದೊಂದು ತಕರಾರಿನ ಅರ್ಜಿ ಹಿಂದೊಮ್ಮೆ ನಮ್ಮ ಕಚೇರಿಗೂ ಬಂದಿತ್ತು! ಪತ್ರಿಕೆಯು ನ್ಯಾಯಸ್ಥಾನವಲ್ಲವೆಂದು ಅದನ್ನು ಹಿಂದಿರುಗಿಸಿದೆವು.

ಅಮೇರಿಕದ 'ಬಿಗ್ ಟೆನ್' ಎಂಬ ಹತ್ತು ವಿಶ್ವವಿದ್ಯಾಲಯಗಳ ಕೂಟವು ಈ ತೊಡಕನ್ನು ಕಂಡು 1922ರಲ್ಲಿಯೇ ಮೇಜರ್ ಜಾನ್ ಗ್ರಿಫಿತ್ ಎಂಬವರನ್ನು ಕಮಿಶನರರನ್ನಾಗಿ ನೇಮಿಸಿತು. 1944ರಲ್ಲಿ ತೀರಿಕೊಳ್ಳುವ ವರೆಗೂ ಅವರು ಆ ಹುದ್ದೆಯಲ್ಲಿದ್ದರು.

ನಮ್ಮ ನಾಡಿನಲ್ಲಿ ಅದಕ್ಕೆ ಸಮೀಪವಾದ ನಿದರ್ಶನವು ಮಂಡ್ಯದ ವಕೀಲರಾಗಿದ್ದ ದಿವಂಗತ ಎಂ. ಚಿನ್ನಸ್ವಾಮಿಯವರದು. ಅವರ ಕ್ಷೇತ್ರ ಕಾಲೇಜಲ್ಲ, ಕ್ರಿಕೆಟ್ಟು. ಆದರೆ ಕೆಲಸದ ಜಾತಿ ಒಂದೇ. ರಾಜ್ಯದ ಕ್ರಿಕೆಟ್ ಸಂಸ್ಥೆಗಾಗಿ ನಾಲ್ಕು ದಶಕ ದುಡಿದ ಅವರು 1960ರಿಂದ 1965ರ ವರೆಗೆ ಭಾರತೀಯ ಮಂಡಲಿಯ ಕಾರ್ಯದರ್ಶಿಗಳೂ 1977ರಿಂದ 1980ರ ವರೆಗೆ ಅಧ್ಯಕ್ಷರೂ ಆಗಿದ್ದರು. ಬೆಂಗಳೂರಿನ ಕ್ರೀಡಾಂಗಣದ ಕೆಲಸ 1970ರಲ್ಲಿ ಮೊದಲಾಗಿ, 1974ರ ನವೆಂಬರದಲ್ಲಿ ವೆಸ್ಟ್ ಇಂಡೀಸರೊಡನೆ ಅಲ್ಲಿ ಮೊದಲ ಟೆಸ್ಟ್ ನಡೆಯಿತು. ಅದೇ ವರ್ಷ ಕರ್ನಾಟಕವು ಪ್ರಥಮ ಬಾರಿಗೆ ರಣಜಿ ಟ್ರೋಫಿ ಗೆದ್ದಿತು. ಆ ಕ್ರೀಡಾಂಗಣಕ್ಕೆ ಇಂದು ಅವರದೇ ಹೆಸರು. ಅವರು ಯಾರೋ ಹಳೆಯ ಆಟಗಾರರೆಂದು ತಿಳಿದ ಪದವೀಧರರನ್ನು ನಾವು ಕಂಡಿದ್ದೇವೆ. ಕಾಗದಪತ್ರ ಹಿಡಿದು ದುಡಿದವನ ಪಾಡೇ ಹೀಗೆ.

1997ರಲ್ಲಿ ಧಾರವಾಡದಿಂದ ಬೇರೆಯಾದ ಈ ಜಿಲ್ಲೆಗೆ 2023ರಲ್ಲಿ ಸ್ವಂತ ವಿಶ್ವವಿದ್ಯಾಲಯ ಬಂದಿತು. ಎರಡೇ ವರ್ಷಗಳಲ್ಲಿ, 2025ರಲ್ಲಿ, ಅದನ್ನು ಮುಚ್ಚುವ ಮಾತೂ ಹೊರಟಿತು. ಆಡಳಿತವು ಹಾವೇರಿಯಲ್ಲಿರಲಿ, ಧಾರವಾಡದಲ್ಲಿರಲಿ, ಯಾವ ಕಾಲೇಜಿನ ಹಂಗೂ ಇಲ್ಲದ, ಐದು ವರ್ಷವಾದರೂ ಕದಲದ ಒಬ್ಬ ಪೂರ್ಣಾವಧಿಯ ಕ್ರೀಡಾಧಿಕಾರಿಯನ್ನು ಈ ಜಿಲ್ಲೆಗೆ ಕೊಡಬೇಕು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ರೈತನಾಗಲಿ ವರ್ತಕನಾಗಲಿ ತಕ್ಕಡಿ ಹಿಡಿಯುವದಿಲ್ಲ. ಲೈಸೆನ್ಸು ಪಡೆದ ತೂಕದವರಿದ್ದಾರೆ. ಮೆಣಸಿನಕಾಯಿಗೆ ದೊರೆತ ನ್ಯಾಯ ನಮ್ಮ ಹುಡುಗರಿಗೇಕೆ ದೊರೆಯಬಾರದು?

ಸಂಬಳಕ್ಕೆ ಹಣವೆಲ್ಲಿ ಎಂದು ಅಧಿಕಾರಿಗಳು ಕೇಳುವರು. ವಿದ್ಯಾರ್ಥಿಗಳಿಂದ ಕ್ರೀಡಾಶುಲ್ಕವು ವಸೂಲಾಗುತ್ತಲೇ ಇದೆ. ಮೊದಲು ಅದರ ಲೆಕ್ಕವನ್ನು ಪ್ರಕಟಿಸಲಿ.